ಎಐ ಪತ್ತೆ ಸಾಫ್ಟ್‌ವೇರ್ ನಂಬಿ ಸೊನ್ನೆ ಕೊಡಬಹುದೇ?

ಪ್ರಶ್ನೆ: ಸಾಗರದ ಕಡೆಯ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ ನಾನು. ಶರಾವತಿ ಮುಳುಗಡೆ ಸಂತ್ರಸ್ತರ ಬಗ್ಗೆ ಇಂಗ್ಲಿಷಿನಲ್ಲಿ ಅಸೈನ್‌ಮೆಂಟ್ ಕೊಟ್ಟಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯೊಬ್ಬಳ ಬರಹವನ್ನು, ಎಐ (ಕೃತಕ ಬುದ್ಧಿಮತ್ತೆ) ಬರೆದದ್ದೇ ಎಂದು ಹೇಳುವ ಪತ್ತೆ ಸಾಫ್ಟ್‌ವೇರ್‌ಗೆ ಹಾಕಿದರೆ ‘82% ಎಐ’ ಎಂದು ಬಂತು. ತಾನೇ ಬರೆದದ್ದೆಂದು ಅವಳು ಅಳುತ್ತಾಳೆ. ಸೊನ್ನೆ ಕೊಡಿ ಎನ್ನುತ್ತಾರೆ ಸಹೋದ್ಯೋಗಿಗಳು. ಏನು ಮಾಡಲಿ ಸರ್?

ಉತ್ತರ: ದಯವಿಟ್ಟು ಸೊನ್ನೆ ಕೊಡಬೇಡಿ ಮೇಡಂ. ಆ 82% ಬರೀ ಅಂದಾಜು, ಸಾಕ್ಷಿಯಲ್ಲ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನಕ್ಕೆ ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಮರುತಿಂಗಳು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ, ನಕಲು ಪತ್ತೆಗೆ ಬಳಸುವ ಟರ್ನಿಟಿನ್ ಸಾಫ್ಟ್‌ವೇರ್‌ನ ಎಐ ಪತ್ತೆ ಸೌಲಭ್ಯವನ್ನು ಕೈಬಿಟ್ಟಿತು.

ನಿಮ್ಮ ವಿದ್ಯಾರ್ಥಿನಿಗೆ ನೇರವಾಗಿ ಸಂಬಂಧಿಸಿದ ಸಂಗತಿ ಬೇರೆ ಇದೆ. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ಮನೆಮಾತಲ್ಲದವರು ಬರೆದ 91 ಟೋಫೆಲ್ (ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆ) ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಕೊಟ್ಟು ನೋಡಿದರು. ಸರಾಸರಿ 61%ರಷ್ಟು ಪ್ರಬಂಧಗಳು ಯಂತ್ರದ್ದೆಂದು ಬಂದವು! ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದನ್ನು ಈ ಸಾಧನಗಳು ನೋಡುತ್ತವೆ; ಊಹೆ ಸುಲಭವಾದಷ್ಟೂ ಯಂತ್ರದ್ದೆನ್ನುತ್ತವೆ. ಗೊತ್ತಿರುವಷ್ಟೇ ಪದಗಳಲ್ಲಿ ಜಾಗ್ರತೆಯಿಂದ ಬರೆಯುವವರ ಇಂಗ್ಲಿಷ್ ಅಲ್ಲಿ ಸಿಕ್ಕಿಬೀಳುತ್ತದೆ. ಕಷ್ಟಪಟ್ಟು ಇಂಗ್ಲಿಷ್ ಕಲಿತ ನಮ್ಮ ಮಲೆನಾಡ ಹುಡುಗಿಗೇ ಕಳ್ಳಿಯ ಪಟ್ಟ ಕಟ್ಟುವುದು ಘೋರ ಅನ್ಯಾಯ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಕೃತಿಚೌರ್ಯ ತಡೆ ನಿಯಮದ 10% ಮಿತಿಯನ್ನೂ ಇಲ್ಲಿಗೆ ಎಳೆದು ತರಬೇಡಿ. ಅದು ಬೇರೆಯವರ ಬರಹದೊಂದಿಗಿನ ಹೋಲಿಕೆಗೆ ಸಂಬಂಧಿಸಿದ್ದು.

ಹುಡುಗಿಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನಿಲ್ಲಿಸದೆ, ಒಬ್ಬಳನ್ನೇ ಕೂರಿಸಿಕೊಂಡು ಕನ್ನಡದಲ್ಲೇ ಮಾತಾಡಿಸಿ. ‘ಪುನರ್ವಸತಿ ಸರಿಯಾಗಲಿಲ್ಲ ಅಂತ ಬರೆದಿದ್ದೀಯಲ್ಲಮ್ಮ, ಯಾವ ಊರಿನವರ ವಿಷಯ? ನಿನಗೆ ಯಾರು ಹೇಳಿದ್ರು?’ ಎಂದು ಕೇಳಿ. ಬರೆದವಳಾದರೆ ತಡವರಿಸಿದರೂ ಹೇಳುತ್ತಾಳೆ. ಕಚ್ಚಾ ಪ್ರತಿ, ನೋಟ್ಸ್ ಇದ್ದರೆ ನೋಡಿ. ಎಐ ಸಹಾಯ ಪಡೆದೆ ಎಂದು ಒಪ್ಪಿದರೂ, ನೀವು ಮೊದಲೇ ನಿಯಮ ಹೇಳಿರದಿದ್ದರೆ ಮತ್ತೆ ಬರೆಸುವುದೇ ನ್ಯಾಯ.

ಮುಂದಿನ ಬಾರಿ ಪ್ರಶ್ನೆಯನ್ನೇ ಬದಲಿಸಿ. ‘ಲಿಂಗನಮಕ್ಕಿ ಅಣೆಕಟ್ಟಿನ ಪರಿಣಾಮಗಳು’ ಎಂದರೆ ಯಂತ್ರ ನಿಮಿಷದಲ್ಲಿ ಪುಟ ತುಂಬಿಸುತ್ತದೆ. 1964ರಲ್ಲಿ ಶರಾವತಿಯ ಈ ಅಣೆಕಟ್ಟು ಮುಗಿದ ಹೊತ್ತಿಗೆ ಊರು ಬಿಟ್ಟ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅಂಥ ಒಬ್ಬರನ್ನು ಮಾತಾಡಿಸಿ, ಅವರ ಮಾತನ್ನು ಕೈಬರಹದಲ್ಲಿ ದಾಖಲಿಸಿ, ಪಠ್ಯದೊಂದಿಗೆ ಹೋಲಿಸಿ ತರಲು ಹೇಳಿ. ಭಾಷೆ ತಿದ್ದಲು ಎಐ ಬಳಸಬಹುದೋ ಇಲ್ಲವೋ ಎಂಬುದನ್ನು ಪ್ರಶ್ನೆಯ ಕೆಳಗೇ ಬರೆಯಿರಿ. ಅರ್ಧ ಅಂಕ ಬರಹಕ್ಕೆ, ಉಳಿದರ್ಧ ಮೌಖಿಕ ಪರೀಕ್ಷೆಗೆ ಇಡಿ. ಆಂತರಿಕ ಅಂಕದ ವಿಷಯವಾದ್ದರಿಂದ ವಿಭಾಗದ ಮುಖ್ಯಸ್ಥರ ಒಪ್ಪಿಗೆಯನ್ನು ಮೊದಲೇ ಪಡೆದಿರಿ.