ಎಎನ್‌ಎ ಇಳಿದಿಲ್ಲ ಅಂತ ಮಾತ್ರೆ ಬಿಡಬೇಡಿ

ಪ್ರಶ್ನೆ: ನನಗೆ 29 ವರ್ಷ. ಎರಡು ವರ್ಷದಿಂದ ಲೂಪಸ್‌ಗೆ (ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕೀಲುನೋವು ಹೋಗಿದೆ. ಆದರೆ ಮೂರು ತಿಂಗಳಿಗೊಮ್ಮೆ ಮಾಡಿಸುವ ಎಎನ್‌ಎ (ಜೀವಕೋಶದ ಬೀಜಕ್ಕೆ ಅಂಟುವ ಆ್ಯಂಟಿಬಾಡಿ ನೋಡುವ ರಕ್ತಪರೀಕ್ಷೆ) ಮಾತ್ರ 1:640ರಲ್ಲೇ ನಿಂತಿದೆ. ಮಾತ್ರೆ ಕೆಲಸ ಮಾಡುತ್ತಿಲ್ಲವೇ? ಬಿಟ್ಟುಬಿಡಲೇ?

ಉತ್ತರ: ಬಿಡಬೇಕಾದ್ದು ಆ ಪರೀಕ್ಷೆಯನ್ನು. ಈ ತಿಂಗಳು ಇದೇ ಪ್ರಶ್ನೆ ಎಷ್ಟನೇ ಸಲವೋ, ಲೆಕ್ಕ ತಪ್ಪಿದೆ. ನಿಮ್ಮ ರಕ್ತದ ಸೀರಮ್ಮನ್ನು 640 ಪಟ್ಟು ತೆಳುವಾಗಿಸಿದರೂ ಮೈಕ್ರೋಸ್ಕೋಪಿನಡಿ ಜೀವಕೋಶದ ಬೀಜ (ನ್ಯೂಕ್ಲಿಯಸ್) ಹೊಳೆಯುತ್ತದೆ, ಆ ಸಂಖ್ಯೆಯ ಅರ್ಥ ಇಷ್ಟೇ. ಕಾಯಿಲೆ ಪತ್ತೆಯಾದ ದಿನವೇ ಅದರ ಕೆಲಸ ಮುಗಿಯಿತು. ಕಾಯಿಲೆ ತಣ್ಣಗಿದ್ದರೂ ಎಎನ್‌ಎ ವರ್ಷಗಟ್ಟಲೆ ಹಾಗೇ ಇರಬಹುದು. ಸುಮ್ನೆ ದುಡ್ಡು ದಂಡ.

ಕಾಯಿಲೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಡಿಎನ್‌ಎ ಮೇಲೇ ತಿರುಗುವ ಡಿಎಸ್-ಡಿಎನ್‌ಎ ಆ್ಯಂಟಿಬಾಡಿ, ರಕ್ತದ ರಕ್ಷಣಾ ಪ್ರೋಟೀನ್‌ಗಳಾದ ಸಿ3, ಸಿ4 ನೋಡುತ್ತೇವೆ. ಮೊದಲನೆಯದು ಏರಿ ಉಳಿದೆರಡು ಇಳಿದರೆ ನನಗೆ ಕಿಡ್ನಿಯ ಯೋಚನೆ ಶುರುವಾಗುತ್ತದೆ. ಲೂಪಸ್ ಕಿಡ್ನಿಗೆ ತಗುಲಿದರೆ ನೋವೇ ಇರುವುದಿಲ್ಲ. ಹಾಗಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ನೋಡುವ ಅಗ್ಗದ ಪರೀಕ್ಷೆಯನ್ನು ಯಾವತ್ತೂ ತಪ್ಪಿಸಬೇಡಿ. ಜನ ತಪ್ಪಿಸುವುದು ಅದನ್ನೇ!

ಡಿಎಸ್-ಡಿಎನ್‌ಎಯನ್ನು ಪ್ರತಿಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಎಲೈಸಾ ಎಂಬ ಪರೀಕ್ಷಾ ವಿಧಾನದ ಅಂಕಿಯನ್ನು ಬೇರೆ ವಿಧಾನದ ಅಂಕಿಯ ಪಕ್ಕ ಇಟ್ಟು ಗಾಬರಿಯಾಗಬೇಡಿ. ಡಿಎಸ್-ಡಿಎನ್‌ಎ ಒಂದೇ ಏರಿ, ನೀವು ಆರಾಮಾಗಿದ್ದು, ಮೂತ್ರವೂ ಸರಿಯಿದ್ದರೆ ನಾನು ಸ್ಟಿರಾಯ್ಡ್ ಹೆಚ್ಚಿಸುವುದಿಲ್ಲ. ಬೇಗ ಮತ್ತೆ ಬರಹೇಳುತ್ತೇನೆ. ಕೆಲವರು ಇದನ್ನು ಅತಿ ಎಚ್ಚರ ಅನ್ನುತ್ತಾರೆ, ಅನ್ನಲಿ. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನಂತೂ ನೀವಾಗಿ ನಿಲ್ಲಿಸಬೇಡಿ. ನಿಲ್ಲಿಸಿದವರಲ್ಲಿ ಕಾಯಿಲೆ ಕೆರಳುವುದು ಜಾಸ್ತಿ. ಅದರಿಂದ ಕಣ್ಣಿಗೆ ತೊಂದರೆಯಾದೀತೆಂಬ ಭಯವಿದ್ದರೆ ಕಣ್ಣು ಪರೀಕ್ಷೆ ಮಾಡಿಸಿ.

ಪ್ರಶ್ನೆ: ಫುಲ್ ಬಾಡಿ ಪ್ಯಾಕೇಜ್‌ನಲ್ಲಿ ಎಎನ್‌ಎ 1:80 ಪಾಸಿಟಿವ್ ಬಂತು. ಬೇರೆ ತೊಂದರೆ ಏನೂ ಇಲ್ಲ.

ಉತ್ತರ: ಆರೋಗ್ಯವಾಗಿರುವವರಲ್ಲೂ ನೂರಕ್ಕೆ ಹತ್ತು ಹದಿಮೂರು ಜನರಿಗೆ ಇಷ್ಟು ಬರುತ್ತದೆ. ತೊಂದರೆಯೇ ಇಲ್ಲದಿದ್ದರೆ ಮಾಡಿಸಿದ್ದೇಕೆ?

ಪ್ರಶ್ನೆ: ಆರು ವಾರದಲ್ಲಿ ಎಎನ್‌ಎ ನೆಗೆಟಿವ್ ಮಾಡುವ ಪುಡಿ ಕೊಡುತ್ತಾರಂತೆ.

ಉತ್ತರ: ಇಂಥ ಪುಡಿಗಳಲ್ಲಿ ಹೇಳದೆ ಸ್ಟಿರಾಯ್ಡ್ ಬೆರೆಸಿದ್ದು ಸಿಕ್ಕಿರುವುದುಂಟು. ನೋವು ಮಾಯವಾಗುವುದು ಅದರಿಂದಲೇ. ಮುಟ್ಟಬೇಡಿ.

ಪ್ರಶ್ನೆ: ಆ್ಯಂಟಿ-ರೋ (ಲೂಪಸ್‌ನಂಥ ಕಾಯಿಲೆಗಳಲ್ಲಿ ಕಾಣುವ ಇನ್ನೊಂದು ಆ್ಯಂಟಿಬಾಡಿ) ಪಾಸಿಟಿವ್ ಇದೆ. ಮಗು ಬೇಕು.

ಉತ್ತರ: ಧಾರಾಳವಾಗಿ. ಇಂಥ ತಾಯಂದಿರಲ್ಲಿ ನೂರರಲ್ಲಿ ಸುಮಾರು ಇಬ್ಬರ ಮಗುವಿಗೆ ಹೃದಯದ ಬಡಿತ ನಿಧಾನವಾಗುವ ತೊಂದರೆ ಬರಬಹುದು. ಗರ್ಭಿಣಿಯಾಗುವ ಮೊದಲೇ ಹೆರಿಗೆ ಡಾಕ್ಟರಿಗೆ ಈ ರಿಪೋರ್ಟ್ ತೋರಿಸಿ, ನಾಲ್ಕನೇ ತಿಂಗಳಿಂದ ಮಗುವಿನ ಹೃದಯದ ಸ್ಕ್ಯಾನ್ ಬೇಕಾಗುತ್ತದೆ.