ನಮ್ಮ ಮೆಟ್ರೋ ಕೆಲಸಕ್ಕೆ ಯಾವ ಲೈನ್ ಒಳ್ಳೆಯದು? ಎಲ್ಲ ಕಡೆ ಒಂದೇ ಅಲ್ವಾ?

ಡಿಪ್ಲೊಮಾ ಮುಗಿದಿದೆ, ಸ್ಟೇಷನ್ ಕಂಟ್ರೋಲರ್/ಟ್ರೈನ್ ಆಪರೇಟರ್ ಕೆಲಸಕ್ಕೆ ಆಯ್ಕೆಯಾಗಿದೆ, ಯಾವ ಲೈನ್ ಸಿಕ್ಕರೆ ಒಳ್ಳೆಯದು ಅಂತ ಕೇಳಿದ್ದೀರಿ. ಮೊದಲು ಅಭಿನಂದನೆ. ಎಲ್ಲ ಕಡೆ ಕೆಲಸ ಒಂದೇ ಅಲ್ಲ. ನಾನು ಪರ್ಪಲ್ ಮತ್ತು ಗ್ರೀನ್ ಎರಡರಲ್ಲೂ ರೈಲು ಓಡಿಸಿದ್ದೇನೆ, ಈ ಎರಡೂ ಲೈನ್ ಸೇರುವ ಮೆಜೆಸ್ಟಿಕ್‌ನಲ್ಲಿ ಸ್ಟೇಷನ್ ಡ್ಯೂಟಿಯನ್ನೂ ಮಾಡಿದ್ದೇನೆ. ಕೇಳುವ ಅವಕಾಶ ಕೊಟ್ಟರೆ ಲೈನ್ ಬಿಡಿ, ಮೆಜೆಸ್ಟಿಕ್ ಕೇಳಿ.

ಮೊದಲು ಓಡಿಸುವ ವಿಷಯ. ಪರ್ಪಲ್ ಲೈನ್ ಉದ್ದ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ 43 ಕಿ.ಮೀ.ಗೂ ಜಾಸ್ತಿ, 37 ನಿಲ್ದಾಣ. ಒಂದು ತುದಿಯಿಂದ ಇನ್ನೊಂದಕ್ಕೆ ಒಂದೂಕಾಲು ಗಂಟೆ ದಾಟುತ್ತದೆ. ರೈಲು ತಾನಾಗೇ ವೇಗ ಹಿಡಿದು ತಾನಾಗೇ ನಿಲ್ಲುತ್ತದೆ, ನಿಜ. ಆದರೆ ಅಷ್ಟೂ ಹೊತ್ತು ಕಣ್ಣು ಹಳಿ ಮೇಲೆ, ನಿಂತಾಗ ಬಾಗಿಲ ಮೇಲೆ. ಕಬ್ಬನ್ ಪಾರ್ಕ್ ಬಿಟ್ಟು ಎಂ.ಜಿ. ರೋಡ್ ಕಡೆಗೆ ಸುರಂಗದಿಂದ ಮೇಲೆ ಬರುತ್ತೀರಲ್ಲ, ಬೆಳಗ್ಗೆ ಅಲ್ಲಿ ಬಿಸಿಲು ಸೀದಾ ಕಣ್ಣಿಗೆ ಹೊಡೆಯುತ್ತದೆ. ಈ ಲೈನ್ ಪೂರ್ವ-ಪಶ್ಚಿಮ. ಬೆಳಗ್ಗೆ ವೈಟ್‌ಫೀಲ್ಡ್ ಕಡೆ ಹೋದರೂ ಸಂಜೆ ಚಲ್ಲಘಟ್ಟ ಕಡೆ ಹೋದರೂ ಸೂರ್ಯ ಎದುರಿಗೇ. ಗ್ರೀನ್ ಲೈನ್ ಉತ್ತರ-ದಕ್ಷಿಣ, ಅಲ್ಲಿ ಈ ಕಾಟ ಅಷ್ಟಿಲ್ಲ.

ಗ್ರೀನ್‌ನಲ್ಲಿ ಜನ ಬೇರೆ. ಪೀಣ್ಯದ ಕಾರ್ಖಾನೆ ಶಿಫ್ಟು, ಚಿಕ್ಕಪೇಟೆಯ ಬಟ್ಟೆ ಗಂಟು, ಕೆ.ಆರ್. ಮಾರ್ಕೆಟ್ ಹೂವು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರ್ಕೆಟ್ ನಿಲ್ದಾಣದಲ್ಲಿ ಡ್ಯೂಟಿ ಬಿದ್ದರೆ ಊಟದ ಆಸೆ ಬಿಡಿ. ದೊಡ್ಡ ಚೀಲ ಹೊತ್ತ ಹೂವಿನ ಅಕ್ಕನಿಗೆ ನಿಯಮ ಹೇಳಬೇಕು, ಆದರೆ ಅವರ ವ್ಯಾಪಾರದ ಹೊತ್ತೂ ಮೀರಬಾರದು. ಗದರಿದರೆ ಕೆಲಸ ಆಗುವುದಿಲ್ಲ. 'ಅಕ್ಕ, ಇದನ್ನ ಎರಡು ಚೀಲ ಮಾಡ್ಕೊಳ್ಳಿ' ಅಂದರೆ ಆಗುತ್ತದೆ.

ಈಗ ಮೆಜೆಸ್ಟಿಕ್. ಮೇಲಿನ ಹಂತದಲ್ಲಿ ಪರ್ಪಲ್, ಅದರ ಕೆಳಗೆ ಗ್ರೀನ್. ಎರಡೂ ರೈಲು ಒಟ್ಟಿಗೆ ಬಂದವು ಅಂದರೆ ಹತ್ತುವವರು, ಇಳಿಯುವವರು, ಲೈನ್ ಬದಲಿಸುವವರು ಎಲ್ಲ ಅದೇ ಎಸ್ಕಲೇಟರ್ ಮುಂದೆ. ಒಂದು ಎಸ್ಕಲೇಟರ್ ನಿಂತರೂ ಪ್ಲಾಟ್‌ಫಾರ್ಮ್ ತುಂಬಲು ಎರಡು ರೈಲು ಸಾಕು. ಸೋಮವಾರ ಇನ್ನೂ ಜೋರು. ಊರಿಂದ ರಾತ್ರಿ ಬಸ್ಸಿನಲ್ಲಿ ಬಂದವರು ಅಕ್ಕಿ ಚೀಲ, ತೆಂಗಿನಕಾಯಿ ಸಮೇತ ಸೀದಾ ಮೆಟ್ರೋಗೆ ಬರುತ್ತಾರೆ. ಅವರಿಗಾಗಿಯೇ 2025ರ ಜನವರಿಯಿಂದ ಸೋಮವಾರ ಬೆಳಗ್ಗೆ 4.15ಕ್ಕೇ ರೈಲು ಶುರು ಮಾಡಿದ್ದು. ಒಳ್ಳೆಯ ಕೆಲಸ ಅದು. ಮೊದಲೆಲ್ಲ ಆ ಹೊತ್ತಿಗೆ ಆಟೋದವರು ಕೇಳಿದ್ದೇ ರೇಟು.

ಒಂದು ಸಂಜೆ ಅಲ್ಲಿ ಕಾಲೇಜು ಹುಡುಗನೊಬ್ಬನ ಮೊಬೈಲ್ ಹಳಿ ಮೇಲೆ ಬಿತ್ತು. ಅವನು ಆಗಲೇ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದ. ನಮ್ಮ ಸೆಕ್ಯುರಿಟಿ ಅಮ್ಮ ಓಡಿ ಬಂದು ಬ್ಯಾಗ್ ಹಿಡಿದು ಹಿಂದಕ್ಕೆ ಎಳೆದರು. 'ಒಂದೇ ನಿಮಿಷ ಆಂಟಿ' ಅಂದ. 'ಕರೆಂಟ್ ಇರೋದು ಅಲ್ಲೇ ಕಣಪ್ಪ' ಅಂದರು. ನಮ್ಮ ಮೆಟ್ರೋದಲ್ಲಿ ತಲೆ ಮೇಲೆ ತಂತಿ ಇಲ್ಲ. 750 ವೋಲ್ಟ್ ಡಿಸಿ ವಿದ್ಯುತ್ ಹಳಿ ಪಕ್ಕದ ಥರ್ಡ್ ರೈಲ್‌ನಲ್ಲಿ ಹರಿಯುತ್ತದೆ. ಕಣ್ಣಿಗೆ ತಂತಿ ಕಾಣದ ಕಾರಣ ಜನಕ್ಕೆ ಅಪಾಯ ಹೊಳೆಯುವುದಿಲ್ಲ. ಫೋನ್ ವಾಪಸ್ ಸಿಕ್ಕಿತು, ಆದರೆ ಕಂಟ್ರೋಲ್ ರೂಮಿನ ಅನುಮತಿ ಬಂದ ಮೇಲೆ. ಇಂಥದ್ದನ್ನು ಟ್ರೈನಿಂಗ್‌ನಲ್ಲಿ ಹೇಳಿಕೊಡುತ್ತಾರೆ. ಕಣ್ಣೆದುರು ನಡೆದಾಗ ಕೈ ನಡುಗದೆ ಮಾಡುವುದನ್ನು ಮೆಜೆಸ್ಟಿಕ್ ಕಲಿಸುತ್ತದೆ.

ಯೆಲ್ಲೋ ಲೈನಿನಲ್ಲಿ ನಾನು ದುಡಿದಿಲ್ಲ, ಸ್ನೇಹಿತರು ಇದ್ದಾರೆ. 2025ರ ಆಗಸ್ಟ್‌ನಲ್ಲಿ ಶುರುವಾದ ಈ ಲೈನ್ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ, 16 ನಿಲ್ದಾಣ. ಇಲ್ಲಿಯ ಸಿಗ್ನಲ್ ವ್ಯವಸ್ಥೆಯೇ ಬೇರೆ. ಹಳೆಯ ಲೈನ್‌ಗಳಲ್ಲಿ ರೈಲು ಹಳಿಯ ಯಾವ ತುಂಡಿನ ಮೇಲಿದೆ ಅನ್ನುವುದರ ಮೇಲೆ ಲೆಕ್ಕ. ಇಲ್ಲಿ ರೈಲೇ ರೇಡಿಯೋದಲ್ಲಿ ತಾನೆಲ್ಲಿದ್ದೇನೆ ಅಂತ ಹೇಳುತ್ತಾ ಹೋಗುತ್ತದೆ. ಸಿಬಿಟಿಸಿ ಅಂತಾರೆ. ಚಾಲಕರಿಲ್ಲದೆ ಓಡುವಂತೆ ಕಟ್ಟಿದ ರೈಲುಗಳು ಅವು. ಹಾಗಾಗಿ ಪರ್ಪಲ್‌ನಲ್ಲಿ ಪಳಗಿದವರು ಕೂಡ ಅಲ್ಲಿ ಹೊಸದಾಗಿ ಕಲಿಯಬೇಕು. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಅಷ್ಟು ಗ್ಯಾಪ್ ಇದ್ದಾಗ ಒಂದು ರೈಲು ತಪ್ಪಿದವನ ಸಿಟ್ಟು ಬೀಳುವುದು ಪ್ಲಾಟ್‌ಫಾರ್ಮಿನಲ್ಲಿ ಡ್ಯೂಟಿಗೆ ನಿಂತ ಸಿಬ್ಬಂದಿ ಮೇಲೆ. ಆ ಹುಡುಗ ಹುಡುಗಿಯರ ತಾಳ್ಮೆಗೆ ಕೈ ಮುಗಿಯಬೇಕು.

ಇನ್ನೊಂದು ಮಾತು. ಕನ್ನಡದ ಅನೌನ್ಸ್‌ಮೆಂಟ್‌ನಲ್ಲಿ ನಾವೆಲ್ಲ ಕೇಳಿದ ಆ ದನಿ ನಿರೂಪಕಿ ಅಪರ್ಣಾ ಅವರದು. 2024ರ ಜುಲೈನಲ್ಲಿ ಅವರು ತೀರಿಕೊಂಡರು. ಅಷ್ಟು ಸ್ಪಷ್ಟವಾಗಿ, ಅಷ್ಟು ಸಮಾಧಾನವಾಗಿ ನೀವೂ ಮೈಕಿನಲ್ಲಿ ಮಾತಾಡಲು ಕಲಿಯಿರಿ. ರೈಲು ನಿಂತುಹೋದಾಗ ಜನ ಕಾಯುತ್ತಾರೆ, ಯಾಕೆ ನಿಂತಿತು ಅಂತ ಹೇಳಬೇಕು ಅಷ್ಟೇ.

ಮನೆ ಮಾತ್ರ ಡಿಪೋ ನೋಡಿಕೊಂಡು ಹುಡುಕಿ. ಮೊದಲ ರೈಲು ಹೊರಡಿಸುವವರಿಗೆ ಡ್ಯೂಟಿಗೆ ಬರಲು ಮೆಟ್ರೋ ಇರುವುದಿಲ್ಲ! ಬೈಕ್ ಇಲ್ಲದಿದ್ದರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರ್ಪಲ್‌ಗೆ ಬೈಯಪ್ಪನಹಳ್ಳಿ, ಗ್ರೀನ್‌ಗೆ ಪೀಣ್ಯ, ಯೆಲ್ಲೋಗೆ ಹೆಬ್ಬಗೋಡಿ ಸುತ್ತಮುತ್ತ ನೋಡಿ. ಪೋಸ್ಟಿಂಗ್ ಆರ್ಡರ್ ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ.