ಎರಡೇ ವರ್ಷ ಅಂದರೆ ಎಷ್ಟು ವರ್ಷ?

ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಕುಟುಂಬ ಸಲಹೆಗಾರ್ತಿ, ಇವರು ನನ್ನ ಹತ್ತಿರ ಸಲಹೆಗೆ ಬಂದ ದಂಪತಿ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ಇವರನ್ನು ಮಹೇಶ್, ಸುಧಾ ಅಂತ ಕರೆಯೋಣ.

ಮಹೇಶ್ ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ, ವಯಸ್ಸು ನಲವತ್ತು ದಾಟಿದೆ. ಸುಧಾ ಹಲ್ಲಿನ ಡಾಕ್ಟರು, ಕುವೆಂಪುನಗರದಲ್ಲಿ ಸ್ವಂತ ಕ್ಲಿನಿಕ್. ಮಗ ಹತ್ತನೇ ಕ್ಲಾಸು, ಮಗಳು ನಾಲ್ಕನೇ ಕ್ಲಾಸು. ಮಹೇಶ್ ಅವರ ತಾಯಿ ಪಾಂಡವಪುರದ ಹತ್ತಿರ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಸ್ವಲ್ಪ ಕಬ್ಬಿನ ಗದ್ದೆ, ಜೊತೆಗೆ ಸಕ್ಕರೆ ಕಾಯಿಲೆ. ಆ ತಾಯಿಯ ಮಗಳ ಮನೆ ಶ್ರೀರಂಗಪಟ್ಟಣದಲ್ಲಿ, ಕೂಗಳತೆ ಅಲ್ಲದಿದ್ದರೂ ದೂರವೇನಲ್ಲ.

ಕಂಪನಿ ಮಹೇಶ್ ಅವರನ್ನು ಅಮೆರಿಕಕ್ಕೆ ಕಳಿಸಲು ಹೊರಟಿತ್ತು. ಜನವರಿಗೆ ಅಲ್ಲಿರಬೇಕು. ಎಲ್ಲರೂ ಒಟ್ಟಿಗೇ ಹೋಗಬೇಕು ಅಂತ ಅವರ ಹಟ. ಸುಧಾ ಒಪ್ಪಲಿಲ್ಲ. ದಸರಾ ಮುಗಿದ ಮೇಲೆ ನನ್ನ ಹತ್ತಿರ ಬರುವ ಹೊತ್ತಿಗೆ ಮನೆಯಲ್ಲಿ ಇಬ್ಬರೂ ಮಗಳ ಮೂಲಕ ಮಾತಾಡುತ್ತಿದ್ದರು. "ಅಪ್ಪಂಗೆ ಊಟಕ್ಕೆ ಬರಕ್ಕೆ ಹೇಳು" ಅನ್ನುವ ಥರ.

"ಎರಡೇ ವರ್ಷ ಮೇಡಂ, ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಆಗೋಗುತ್ತೆ" ಅಂದರು ಮಹೇಶ್. ಸುಧಾ ತಕ್ಷಣ, "ಇವರ ಫ್ರೆಂಡೂ ಹಾಗೇ ಹೇಳಿ ಹೋಗಿದ್ದು. ಈಗ ಅಲ್ಲೇ ಮನೆ ತಗೊಂಡಿದಾರೆ" ಅಂದರು.

ಜಗಳ ನಡೆಯುತ್ತಿದ್ದದ್ದು ಅರ್ಧ ತಪ್ಪು ಮಾಹಿತಿಯ ಮೇಲೆ. ಹಾಗಾಗಿ ಮೊದಲ ಸಲ ಭಾವನೆಗಳ ಗೋಜಿಗೇ ಹೋಗಲಿಲ್ಲ. ಯಾವ ವೀಸಾ ಅಂತ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಲ್ಲಿ ತನಗೆ ಕೆಲಸ ಮಾಡಲು ಬಿಡುವುದೇ ಇಲ್ಲ ಅಂತ ಸುಧಾ ನಂಬಿದ್ದರು. ಅವರ ಗೆಳತಿ ಎಚ್-ಫೋರ್ ವೀಸಾದಲ್ಲಿ ವರ್ಷಗಟ್ಟಲೆ ಮನೆಯಲ್ಲೇ ಕೂತಿದ್ದಳಂತೆ. ಎಚ್-ಒನ್ ಬಿ ಅನ್ನುವ ಕೆಲಸದ ವೀಸಾ ಮೇಲೆ ಹೋದವರ ಹೆಂಡತಿಗೆ ಸಿಗುವುದು ಈ ಎಚ್-ಫೋರ್, ಅವಳ ಪಾಡು ಹೌದು, ಹಾಗೇ. ಗಂಡನ ಗ್ರೀನ್ ಕಾರ್ಡ್ (ಅಲ್ಲೇ ಕಾಯಂ ನೆಲೆಸುವ ಅನುಮತಿ) ಅರ್ಜಿ ಒಂದು ಹಂತ ದಾಟುವ ತನಕ ಅವಳಿಗೆ ಕೆಲಸದ ಪರವಾನಗಿ ಸಿಗುವುದಿಲ್ಲ. ಆದರೆ ಮಹೇಶ್ ಅವರದು ಕಂಪನಿಯೊಳಗಿನ ವರ್ಗಾವಣೆ, ಎಲ್-ಒನ್ ಬಿ. ಇದರಲ್ಲಿ ಸಂಗಾತಿಗೆ ಎಲ್-ಟು. 2021ರ ಕೊನೆಯಿಂದ ಎಲ್-ಟು ಸಂಗಾತಿ ಬೇರೆ ಪರವಾನಗಿ ಕಾರ್ಡಿಗೆ ಕಾಯದೆ ಕೆಲಸ ಮಾಡಬಹುದು. ಇಳಿದ ಮೇಲೆ ಐ-94 ಅನ್ನುವ ಪ್ರವೇಶ ದಾಖಲೆಯಲ್ಲಿ 'ಎಲ್-ಟು-ಎಸ್' ಅಂತ ಬಂದಿದೆಯಾ ನೋಡಿಕೊಳ್ಳಬೇಕು, ಅಷ್ಟೇ.

ಸುಧಾ ಮುಖ ಸ್ವಲ್ಪ ಅರಳಿತು. ಆಮೇಲೆ ಇನ್ನರ್ಧವನ್ನೂ ಹೇಳಲೇಬೇಕಾಯಿತು. ಕೆಲಸ ಮಾಡಲು ವೀಸಾ ಬಿಡುತ್ತದೆ, ವೃತ್ತಿಯ ನಿಯಮ ಬಿಡುವುದಿಲ್ಲ. ಅಲ್ಲಿ ಹಲ್ಲಿನ ಡಾಕ್ಟರಾಗಲು ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಬೇಕು. ಹೆಚ್ಚಿನ ರಾಜ್ಯಗಳಲ್ಲಿ ಅಲ್ಲಿನ ಕಾಲೇಜಿನಲ್ಲಿ ಮತ್ತೆ ಎರಡು ಮೂರು ವರ್ಷ ಓದಲೂ ಬೇಕು. ಅದರ ಫೀಸು ಕೇಳಿದರೆ ಎದೆ ಒಡೆಯುತ್ತದೆ. ಅಂದರೆ ಎರಡು ವರ್ಷಕ್ಕೆ ಹೋದರೆ ಅವರು ಅಲ್ಲಿ ಡಾಕ್ಟರ್ ಆಗುವುದಿಲ್ಲ. ಅಸಿಸ್ಟೆಂಟ್ ಆಗಬಹುದು, ಇನ್ಯಾವುದಾದರೂ ಕೆಲಸ ಹಿಡಿಯಬಹುದು.

"ಕ್ಲಿನಿಕ್ ಬೋರ್ಡ್ ಮೇಲೆ ನನ್ನ ಹೆಸರಿದೆ ಮೇಡಂ. ಅಲ್ಲಿ ನನ್ನ ಹೆಸರು ಯಾವುದರ ಮೇಲಿರುತ್ತೆ?" ಅಂತ ಸುಧಾ ಕೇಳಿದರು. ಮಹೇಶ್, "ಸುಮ್ನೆ ರೆಸ್ಟ್ ತಗೋ ಎರಡು ವರ್ಷ" ಅಂದುಬಿಟ್ಟರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಬೆಳಗ್ಗೆ ಒಂಬತ್ತೂವರೆಗೆ ಬೀಗ ತೆಗೆದು ಮೊದಲ ಪೇಷಂಟಿಗೆ ಮುಂಚೆ ತಾನೇ ಕುರ್ಚಿ ಒರೆಸುವ ಹೆಂಗಸಿಗೆ ಆ ಮಾತು ಹೇಗೆ ಕೇಳಿಸುತ್ತದೆ ಅಂತ ಅವರು ಯೋಚಿಸಿರಲಿಲ್ಲ.

ಮುಂದಿನ ಸಲ ಒಬ್ಬೊಬ್ಬರನ್ನೇ ಕರೆದೆ. ಇಂಥ ಪ್ರಕರಣಗಳಲ್ಲಿ ಇದು ನನ್ನ ಪದ್ಧತಿ. ಮಹೇಶ್ ಬಹಳ ಹೊತ್ತು ಕಂಪನಿ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. ಕೊನೆಗೆ ಬಾಯಿ ಬಿಟ್ಟರು. ಇಲ್ಲಿನ ಟೀಮಿನಲ್ಲಿ ಜನ ಕಡಿಮೆ ಮಾಡುತ್ತಿದ್ದಾರೆ. ಇದಕ್ಕೆ ಬೇಡ ಅಂದರೆ ಮುಂದಿನ ಪಟ್ಟಿಯಲ್ಲಿ ತನ್ನ ಹೆಸರೂ ಇರಬಹುದು. ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಡಾಲರ್ ಆಸೆಗೆ ಗಂಡ ತನ್ನ ಕ್ಲಿನಿಕ್ ಮುಚ್ಚಿಸುತ್ತಿದ್ದಾನೆ ಅಂತ ಹೆಂಡತಿ ಅಂದುಕೊಂಡಿದ್ದಳು. ಗಂಡ ಕೆಲಸ ಹೋಗುವ ಭಯದಲ್ಲಿ ಓಡುತ್ತಿದ್ದ. ನಾನು ಅವರಿಗೆ ಹೇಳಿದ್ದು ಇಷ್ಟೇ: "ಇದನ್ನು ನಾನು ಹೇಳೋದಿಲ್ಲ, ಇವತ್ತು ರಾತ್ರಿ ನೀವೇ ಹೇಳಿ." ಹೇಳಿದರು. ಮಾರನೇ ವಾರ ಬಂದಾಗ ಜಗಳದ ದನಿಯೇ ಬೇರೆಯಾಗಿತ್ತು. ಸುಧಾಗೆ ಕೋಪ ಇತ್ತು, ಆದರೆ ಮುಚ್ಚಿಟ್ಟಿದ್ದಕ್ಕೆ.

ಸುಧಾ ಒಬ್ಬರೇ ಇದ್ದಾಗ ನಾನು ಹೇಳಿದ ಮಾತು ಬೇರೆ. ಅವರ ಮನೆಯಲ್ಲಿ ದೌರ್ಜನ್ಯ ಇರಲಿಲ್ಲ. ಆದರೂ ಹೊರಡುವ ಪ್ರತಿ ಹೆಂಗಸಿಗೂ ಇದನ್ನು ಹೇಳುತ್ತೇನೆ. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಲಿ. ಅಲ್ಲಿ ಜಂಟಿ ಖಾತೆ ತೆರೆಯಿರಿ. ಡ್ರೈವಿಂಗ್ ಕಲಿಯಿರಿ, ಕಾರಿಲ್ಲದೆ ಅಲ್ಲಿನ ಬಹುತೇಕ ಊರುಗಳಲ್ಲಿ ಹಾಲಿಗೂ ಗಂಡನನ್ನೇ ಕಾಯಬೇಕು.

ಮಗನ ವಿಷಯದಲ್ಲಿ ನಾನು ನೇರವಾಗಿ ಪಕ್ಷ ವಹಿಸಿದೆ. ಜನವರಿಯಲ್ಲಿ ಅವನನ್ನು ಎಬ್ಬಿಸಿಕೊಂಡು ಹೋಗಬೇಡಿ ಅಂದೆ. ಮಾರ್ಚಿನ ಹೊತ್ತಿಗೆ ಎಸ್‌ಎಸ್‌ಎಲ್‌ಸಿ. ಇಂಜಿನಿಯರಿಂಗ್‌ನಂಥ ಕೋರ್ಸಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಕೆಸಿಇಟಿಯಲ್ಲಿ ಕರ್ನಾಟಕದವರ ಸೀಟಿಗೆ ಸಾಮಾನ್ಯ ದಾರಿ ಹೀಗಿದೆ: ಒಂದನೇ ಕ್ಲಾಸಿನಿಂದ ಹನ್ನೆರಡರೊಳಗೆ ಕನಿಷ್ಠ 7 ವರ್ಷ ಇಲ್ಲಿ ಓದಿರಬೇಕು, ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲೇ ಪಾಸಾಗಿರಬೇಕು. ಹುಡುಗ ಏಳು ವರ್ಷ ಯಾವತ್ತೋ ದಾಟಿದ್ದಾನೆ. ಎಸ್‌ಎಸ್‌ಎಲ್‌ಸಿ ಒಂದು ಮುಗಿಸಿಬಿಟ್ಟರೆ ಈ ಬಾಗಿಲು ಮುಚ್ಚುವುದಿಲ್ಲ. ಆಮೇಲೆ ಅಲ್ಲಿ ಓದಿದರೂ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಬಿಡಬಾರದು. ವಾಪಸ್ ಬಂದಾಗ, ಅಲ್ಲಿನ ಓದು ಇಲ್ಲಿನದಕ್ಕೆ ಸಮ ಅನ್ನುವ ಸಮಾನತೆ ಪತ್ರ ಬೇಕಾಗುತ್ತದೆ. ಅಲ್ಲಿನ ಶಾಲೆ ಶುರುವಾಗುವುದು ಆಗಸ್ಟ್ ಆಸುಪಾಸು, ಹಾಗಾಗಿ ಜೂನ್‌ನಲ್ಲಿ ಹೋದರೂ ಏನೂ ಕಳೆದುಕೊಳ್ಳುವುದಿಲ್ಲ. ಹುಡುಗನನ್ನೇ ಕೇಳಿದಾಗ, "ಆಂಟಿ, ನನ್ನನ್ನ ಯಾರೂ ಕೇಳೇ ಇಲ್ಲ" ಅಂದ. ಮಗಳದ್ದು ಕಷ್ಟವಿಲ್ಲ. ಅವಳ ಚಿಂತೆ ಎಲ್ಲ ನಾಯಿಮರಿಯದು.

ಇನ್ನು ಅತ್ತೆ. ಹೆತ್ತವರಿಗೆ ಈ ವೀಸಾದಲ್ಲಿ ಜಾಗ ಇಲ್ಲ, ಹೋದರೆ ವಿಸಿಟರ್ ಆಗಿ ಕೆಲವು ತಿಂಗಳು ಮಾತ್ರ. ಮೊದಲೇ ಇರುವ ಸಕ್ಕರೆ ಕಾಯಿಲೆಗೆ ಪ್ರವಾಸದ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅವರನ್ನೂ ಒಂದು ಸಲ ಕರೆಸಿದೆ. "ನಂಗೇನಾಯ್ತದೆ? ಹೋಗ್ಬುಟ್ ಬರ್ಲಿ. ಆದ್ರೆ ಬತ್ತೀನಿ ಅಂದ ದಿನ ಬರ್ಬೇಕು" ಅಂದರು. ಇಡೀ ಪ್ರಕರಣದಲ್ಲಿ ಅವಧಿಯ ಬಗ್ಗೆ ಸ್ಪಷ್ಟವಾಗಿ ಮಾತಾಡಿದವರು ಅವರೊಬ್ಬರೇ.

ಡಾಲರ್ ಉಳಿಸಿ ಪಕ್ಕದ ಗದ್ದೆ ಕೊಳ್ಳುವ ಕನಸು ಮಹೇಶ್ ಅವರಿಗೆ ಇತ್ತು. ಎನ್‌ಆರ್‌ಐ ಆದವರು ಇಲ್ಲಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಇರುವುದನ್ನು ಇಟ್ಟುಕೊಳ್ಳಬಹುದು, ಹಿರಿಯರಿಂದ ಬಂದರೆ ಪಡೆಯಬಹುದು. ಸಂಬಳದಲ್ಲಿ ಸೋಶಿಯಲ್ ಸೆಕ್ಯೂರಿಟಿ ಅಂತ ಶೇಕಡ 6.2 ಮುರಿಯುತ್ತಾರೆ. ಅದರ ಪಿಂಚಣಿಗೆ ಸುಮಾರು 10 ವರ್ಷದ ದುಡಿಮೆ ಬೇಕು. ಎರಡು ವರ್ಷಕ್ಕೆ ವಾಪಸ್ ಬರುವವರಿಗೆ ಅದು ಹೋದ ದುಡ್ಡು ಅಂತಲೇ ಲೆಕ್ಕ. ಹಣದ ವಿಷಯ ನನ್ನ ಕೆಲಸವಲ್ಲ, ಆಡಿಟರ್ ಹತ್ತಿರ ಕಳಿಸಿದೆ.

ನನ್ನ ಮುಖ್ಯ ಸಲಹೆ ಒಂದೇ. "ಎರಡು ವರ್ಷ" ಅನ್ನುವುದನ್ನು ಕಾಗದದ ಮೇಲೆ ಬರೆಯಿರಿ, ಇಬ್ಬರೂ ಸಹಿ ಹಾಕಿ. ಎಲ್-ಒನ್ ಬಿ ಹೆಚ್ಚೆಂದರೆ 5 ವರ್ಷ. ಅದನ್ನೇ ನಿಮ್ಮ ಅವಧಿ ಅಂದುಕೊಳ್ಳಬೇಡಿ. ಯಾವ ತಿಂಗಳು ಕೂತು ಮತ್ತೆ ಮಾತಾಡುತ್ತೀರಿ, ಏನಾದರೆ ಬೇಗ ಬರುತ್ತೀರಿ, ಯಾರು 'ಸಾಕು' ಅಂದರೆ ಸಾಕು, ಎಲ್ಲ ಇರಲಿ. ಕೆಲಸ ಹೋದರೆ ಅಲ್ಲಿ ಉಳಿಯಲು ಸಾಮಾನ್ಯವಾಗಿ ಗರಿಷ್ಠ 60 ದಿನ ಕಾಲಾವಕಾಶ. ಎಲ್-ಒನ್‌ನವರು ಅಲ್ಲೇ ಬೇರೆ ಕಂಪನಿಗೆ ಸುಲಭವಾಗಿ ಹಾರಲೂ ಆಗುವುದಿಲ್ಲ. ಹಾಗಾಗಿ ನಾಲ್ಕು ಜನರ ವಾಪಸ್ ಟಿಕೆಟ್ ಮತ್ತು ಮೂರು ತಿಂಗಳ ಖರ್ಚನ್ನು ಮುಟ್ಟದ ಹಾಗೆ ಇಡಿ. ಕ್ಲಿನಿಕ್ ಮುಚ್ಚಬೇಡಿ, ಜೂನಿಯರ್ ಡಾಕ್ಟರಿಗೆ ಪಾಲಿನ ಮೇಲೆ ಕೊಡಿ. ಡೆಂಟಲ್ ಕೌನ್ಸಿಲ್ ನೋಂದಣಿಯ ನವೀಕರಣ ತಪ್ಪಿಸಬೇಡಿ.

ಮಹೇಶ್ ಜನವರಿಯಲ್ಲಿ ಒಬ್ಬರೇ ಹೋದರು. ಉಳಿದವರು ಜೂನ್‌ನಲ್ಲಿ. ಬೋರ್ಡ್ ಹಾಗೇ ಇದೆ, ಕೆಳಗೆ ಇನ್ನೊಂದು ಹೆಸರು ಸೇರಿದೆ. ಸುಧಾ ಅಲ್ಲಿ ಒಂದು ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್ ಆಗಿದ್ದಾರೆ, ಖುಷಿಯಾಗಿದ್ದೀನಿ ಅಂತ ಹೇಳುವುದಿಲ್ಲ. ಮೊದಲ ಪರಿಶೀಲನೆಯಲ್ಲಿ ಮಹೇಶ್ ಇನ್ನೊಂದು ವರ್ಷ ಕೇಳಿದರಂತೆ. ಕಾಗದ ತೆಗೆದು ನೋಡಿದ್ದಾರೆ. ಮುಂದಿನ ವಾರ ವಿಡಿಯೋ ಕಾಲ್‌ನಲ್ಲಿ ಮೂವರೂ ಕೂರುತ್ತೇವೆ.